ತಿರುಗದ ಭಾಗ ಸದ್ದು ಮಾಡಲ್ಲ: ಹಳೆ ಫೋರ್-ವೀಲ್ ಗಾಡಿಯ ಮುಂದಿನ ಆಕ್ಸಲ್ ಸದ್ದು

ಪ್ರಶ್ನೆ: ನನ್ನದು ಹಳೆಯ ಫೋರ್-ವೀಲ್-ಡ್ರೈವ್ ಗಾಡಿ. ಮುಂದೆಯೂ ಒಂದೇ ಉದ್ದನೆಯ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್ (ಚಕ್ರದ ನಡುಭಾಗ). ಎರಡು ತಿಂಗಳ ಹಿಂದೆ ಹೊಳೆ ದಾಟಿಸಿದ್ದೆ, ನೀರು ಹಬ್‌ಗಿಂತ ಮೇಲೆ ಬಂದಿತ್ತು. ಆಮೇಲೆ ಗಾಡಿ ಹೆಚ್ಚು ಓಡಿಸಿಲ್ಲ. ಈಗ 40 ಕಿ.ಮೀ. ವೇಗ ದಾಟಿದರೆ ಮುಂದಿನಿಂದ ‘ಗುಂಯ್’ ಅಂತ ಸದ್ದು ಬರುತ್ತದೆ. ಹಬ್ ಫ್ರೀ ಮಾಡಿದರೂ ಬರುತ್ತದೆ. ಎಡಕ್ಕೆ ತಿರುಗುವಾಗ ಜೋರಾಗುತ್ತದೆ. ಇದರ ಜೊತೆಗೆ, ಹಬ್ ಲಾಕ್ ಮಾಡಿ ಫೋರ್-ವೀಲ್ ಹಾಕಿ ಮಣ್ಣಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ‘ಟಕ್ ಟಕ್ ಟಕ್’ ಅನ್ನುತ್ತದೆ. ಗ್ಯಾರೇಜಿನಲ್ಲಿ ಒಂದು ಸುತ್ತು ಓಡಿಸಿ ನೋಡಿ, ಕ್ರೌನ್-ಪಿನಿಯನ್ (ಆಕ್ಸಲ್ ನಡುವಿನ ಹಲ್ಲುಚಕ್ರಗಳು) ಹೋಗಿದೆ, ಅದಿರುವ ಡಿಫರೆನ್ಷಿಯಲ್ ಇಳಿಸಬೇಕು ಅಂದರು. ಇಳಿಸಲಾ?

ಉತ್ತರ: ಸದ್ಯಕ್ಕೆ ಇಳಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ‘ಹಬ್ ಫ್ರೀ ಮಾಡಿದರೂ ಬರುತ್ತದೆ’ ಅಂತ ಬರೆದಿದ್ದೀರಲ್ಲ, ಆ ಒಂದು ಮಾತು ಸಾಕು.

ಹಬ್ ಫ್ರೀ ಇದ್ದಾಗ ಏನು ತಿರುಗುತ್ತದೆ ಅಂತ ಯೋಚಿಸಿ. ಚಕ್ರ, ಹಬ್, ಬ್ರೇಕ್ ಡಿಸ್ಕ್ ಅಥವಾ ಡ್ರಮ್, ಹಬ್ ಒಳಗಿನ ಎರಡು ಬೇರಿಂಗ್. ಅಷ್ಟೇ. ಚಕ್ರಕ್ಕೂ ಆಕ್ಸಲ್ ಶಾಫ್ಟ್‌ಗೂ ಆಗ ಸಂಬಂಧವೇ ಇರಲ್ಲ. ಶಾಫ್ಟ್ ನಿಂತಿರುತ್ತದೆ, ಕ್ರೌನ್ ನಿಂತಿರುತ್ತದೆ, ಪಿನಿಯನ್ ನಿಂತಿರುತ್ತದೆ, ಆಕ್ಸಲ್‌ಗೆ ಬಲ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನಿಂತಿರುತ್ತದೆ. ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಎಳೆತಕ್ಕೆ ಆ ಪ್ರೊಪೆಲ್ಲರ್ ಶಾಫ್ಟ್ ಒಮ್ಮೊಮ್ಮೆ ಸುಮ್ನೆ ಸ್ವಲ್ಪ ತಿರುಗಬಹುದು. ಆದರೆ ಅದರ ಮೇಲೆ ಭಾರ ಇರಲ್ಲ, ಚಕ್ರದ ವೇಗಕ್ಕೆ ತಕ್ಕ ಹಾಗೆ ಅದು ಗುಂಯ್‌ಗುಡಲ್ಲ. ತಿರುಗದ ಭಾಗ ಸದ್ದು ಮಾಡಲ್ಲ. ಹಾಗಾಗಿ ಆ ಗುಂಯ್ ಸದ್ದು ಡಿಫರೆನ್ಷಿಯಲ್‌ನದ್ದಲ್ಲ.

ನನ್ನ ಅಂದಾಜು ಇಷ್ಟು: ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಗುಂಯ್ ಅನ್ನೋದು ಬಲಗಡೆಯ ವೀಲ್ ಬೇರಿಂಗ್. ಟಕ್ ಟಕ್ ಅನ್ನೋದು ಚಕ್ರದ ಹತ್ತಿರ ಆಕ್ಸಲ್ ಶಾಫ್ಟ್ ಬಾಗುವ ಜಾಗದ ಜಾಯಿಂಟ್. ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ದಾರಿ ತಪ್ಪುತ್ತದೆ. ಗ್ಯಾರೇಜಿನವರಿಗೂ ಹಾಗೇ ಆಗಿರಬೇಕು.

ಆದರೂ ನನ್ನ ಅಂದಾಜಿನ ಮೇಲೆ ಸಾಮಾನು ತರಬೇಡಿ. ಮೊದಲು ಪರೀಕ್ಷೆ ಮಾಡಿ. ಹಬ್ ಲಾಕ್ ಇರುವ ಗಾಡಿಯವರು ನಿಜಕ್ಕೂ ಅದೃಷ್ಟವಂತರು. ಒಂದು ಸ್ಪ್ಯಾನರ್ ಮುಟ್ಟದೆ ಮುಂದಿನ ಆಕ್ಸಲನ್ನು ಮೂರು ಭಾಗ ಮಾಡಿ ಕೇಳಿಸಿಕೊಳ್ಳಬಹುದು. ಮೊದಲ ಸಲ ಎರಡೂ ಹಬ್ ಫ್ರೀ, ಟೂ-ವೀಲ್‌ನಲ್ಲಿ ಓಡಿಸಿ. ಈಗ ಬರುವ ಸದ್ದು ಬೇರಿಂಗ್, ಬ್ರೇಕ್ ಅಥವಾ ಟಯರಿನದ್ದು. ಎರಡನೇ ಸಲ ಎರಡೂ ಹಬ್ ಲಾಕ್ ಮಾಡಿ, ಆದರೆ ಟೂ-ವೀಲ್‌ನಲ್ಲೇ ಓಡಿಸಿ. ಈಗ ಚಕ್ರಗಳೇ ಶಾಫ್ಟ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ತಿರುಗಿಸುತ್ತವೆ. ಆದರೆ ಎಂಜಿನ್ ಬಲ ಅವುಗಳ ಮೇಲಿಲ್ಲ. ಮೊದಲು ಇಲ್ಲದ ಸದ್ದು ಈಗ ಬಂದರೆ ಅದು ಈ ಒಳಭಾಗಗಳದ್ದು. ಮೂರನೇ ಸಲ ಫೋರ್-ವೀಲ್ ಹಾಕಿ ಓಡಿಸಿ. ಬಲ ಬಿದ್ದಾಗ ಮಾತ್ರ ಬರುವ ಸದ್ದು ಆಗ ಹೊರಗೆ ಬರುತ್ತದೆ.

ಮೂರನೆಯದನ್ನು ಒಣ ಟಾರ್ ರಸ್ತೆಯಲ್ಲಿ ಯಾವತ್ತೂ ಮಾಡಬೇಡಿ. ಇಂಥ ಹಳೆ ಗಾಡಿಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮಧ್ಯದ ಡಿಫರೆನ್ಷಿಯಲ್ ಇರಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಜಾಸ್ತಿ ದೂರ ಹೋಗಬೇಕು, ಹಲ್ಲುಗಳು ಅದಕ್ಕೆ ಬಿಡಲ್ಲ. ಟಯರ್ ಜಾರಲು ಜಾಗ ಇಲ್ಲದಿದ್ದರೆ ಇಡೀ ಡ್ರೈವ್ ಹಗ್ಗ ಹುರಿಗೊಂಡ ಹಾಗೆ ಬಿಗಿಯುತ್ತದೆ. ಗಾಡಿ ಎಗರಿ ಎಗರಿ ಹೋಗುತ್ತದೆ, ಟಕ್ ಅನ್ನುತ್ತದೆ. ಅದು ಕಾಯಿಲೆ ಅಲ್ಲ, ಆದರೆ ಹಾಗೇ ಓಡಿಸುತ್ತಿದ್ದರೆ ಕಾಯಿಲೆ ಬರುತ್ತದೆ. ನೀವು ಮಣ್ಣಿನಲ್ಲಿ ಕೇಳಿದ್ದು ಅಂತ ಬರೆದಿದ್ದೀರಿ, ಅದಕ್ಕೇ ನಿಮ್ಮ ಟಕ್ ಟಕ್ ಸದ್ದನ್ನು ನಾನು ನಂಬುತ್ತಿದ್ದೇನೆ.

ಇನ್ನು ಬಲಗಡೆ ಅಂತ ಯಾಕೆ ಅಂದೆ? ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ. ಬಲಗಡೆಯ ಬೇರಿಂಗ್ ಮೇಲೆ ಹೊರೆ ಬಿದ್ದು ಸದ್ದು ಏರುತ್ತದೆ. ಬಲಕ್ಕೆ ತಿರುಗಿದಾಗ ಹೊರೆ ಇಳಿದು ಸದ್ದು ತಗ್ಗುತ್ತದೆ. ವೇಗ ಬದಲಿಸದೆ ಖಾಲಿ ಜಾಗದಲ್ಲಿ ನಿಧಾನವಾಗಿ ಹಾವಿನ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಚೆನ್ನಾಗಿ ಗೊತ್ತಾಗುತ್ತದೆ. ಕಿವಿಯನ್ನು ಮಾತ್ರ ನಂಬಬೇಡಿ. ಗಟ್ಟಿ ಆಕ್ಸಲ್ ಅಂದರೆ ಒಂದು ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿಯಲ್ಲಿ ತಟ್ಟಿದರೆ ಇನ್ನೊಂದು ತುದಿಯಲ್ಲಿ ಕೇಳುತ್ತದೆ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಗಾಡಿ ಬಂದಿತ್ತು. ಬೇರೆ ಕಡೆ ಡಿಫರೆನ್ಷಿಯಲ್ ಬೇರಿಂಗ್ ಎಲ್ಲ ಹೊಸದು ಹಾಕಿಸಿದ್ದರು, ಸದ್ದು ಮಾತ್ರ ಹಾಗೇ ಇತ್ತು. ಗಾಡಿಯವರು ಬಲಗಡೆಯಿಂದ ಬರುತ್ತಿದೆ ಅಂತ ಆಣೆ ಮಾಡಿ ಹೇಳುತ್ತಿದ್ದರು. ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದರೆ ಎಡಗಡೆಯ ವೀಲ್ ಬೇರಿಂಗ್ ಜಲ್ಲಿ ಅರೆದ ಹಾಗೆ ಅನ್ನುತ್ತಿತ್ತು. ಅವರು ಕೂತ ಜಾಗಕ್ಕೆ ಸದ್ದು ಆ ಕಡೆಯಿಂದ ಬಂದ ಹಾಗೆ ಕೇಳುತ್ತಿತ್ತು, ಅಷ್ಟೇ. ಆ ಕುಟುಂಬ ಸುಮ್ನೆ ಕಳೆದುಕೊಂಡ ದುಡ್ಡು ನನಗೆ ಇವತ್ತಿಗೂ ನೋವು ಕೊಡುತ್ತದೆ. ಅದಕ್ಕೇ ಬಿಚ್ಚುವ ಮೊದಲು ಕೇಳಿ ಅಂತ ಇಷ್ಟು ಒತ್ತಿ ಹೇಳುತ್ತೇನೆ.

ಟಯರನ್ನೂ ಮರೆಯಬೇಡಿ. ಕೆಸರಿಗೆ ಮಾಡಿದ ದಪ್ಪ ಹಲ್ಲಿನ ಟಯರು ಏರುಪೇರಾಗಿ ಸವೆದಿದ್ದರೆ ಥೇಟ್ ಬೇರಿಂಗ್ ಹಾಗೇ ಗುಂಯ್ ಅನ್ನುತ್ತದೆ. ವ್ಯತ್ಯಾಸ ಹೀಗೆ: ನುಣುಪು ರಸ್ತೆಯಿಂದ ಒರಟು ರಸ್ತೆಗೆ ಹೋದಾಗ ಟಯರಿನ ಸದ್ದಿನ ಸ್ವರ ಬದಲಾಗುತ್ತದೆ, ಬೇರಿಂಗ್ ಸದ್ದು ಬದಲಾಗಲ್ಲ. ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ಸದ್ದು ಹಿಂದಕ್ಕೆ ಹೋದರೆ ಟಯರು.

ಈಗ ಜಾಕ್ ಹಾಕೋಣ. ಸಮತಟ್ಟಾದ ಗಟ್ಟಿ ನೆಲ ಇರಲಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕಲ್ಲು ಕೊಡಿ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ, ಒಂದು ನಿಮಿಷದ ಕೆಲಸಕ್ಕೂ ಬೇಡ. ಹಬ್ ಫ್ರೀ ಮಾಡಿ. ಚಕ್ರದ ತುತ್ತತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದು ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಲೂಸ್ ಇದ್ದರೆ ಟುಕು ಟುಕು ಅಂತ ಕೈಗೇ ತಾಗುತ್ತದೆ. ಇಲ್ಲೇ ಜನ ತಪ್ಪು ಮಾಡುವುದು. ಆ ಲೂಸ್ ಬೇರಿಂಗ್‌ನದ್ದೂ ಇರಬಹುದು, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್‌ನದ್ದೂ ಇರಬಹುದು. ಬಾಲ್ ಜಾಯಿಂಟ್ ಇರುವ ಆಕ್ಸಲ್ ಆದರೆ ಅದರದ್ದೂ ಇರಬಹುದು. ಬೇರೆ ಮಾಡಲು ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಹಬ್ಬೂ, ಅದನ್ನು ಹೊತ್ತು ಸ್ಟೀರಿಂಗ್ ಜೊತೆ ಹೊರಳುವ ನಕಲ್ (knuckle) ಭಾಗವೂ ಒಂದೇ ತುಂಡಾಗುತ್ತವೆ, ಬೇರಿಂಗ್‌ನ ಆಟ ನಿಂತುಹೋಗುತ್ತದೆ. ಆಗಲೂ ಚಕ್ರ ಅಲ್ಲಾಡಿದರೆ ಅದು ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಅಲ್ಲಾಟ ನಿಂತರೆ ಬೇರಿಂಗ್. ಅದೇ ಹೊತ್ತಿಗೆ ಚಕ್ರವನ್ನು ಎಡ-ಬಲ ಪಕ್ಕಗಳಲ್ಲಿ ಹಿಡಿದೂ ಅಲ್ಲಾಡಿಸಿ ನೋಡಿ. ಅಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಎರಡೂ ಚಕ್ರ ಜೋಡಿಸುವ ಸ್ಟೀರಿಂಗ್ ಕಡ್ಡಿಯ ತುದಿ) ಕಡೆ ಕಣ್ಣು ಹಾಯಿಸಿ.

ಆಮೇಲೆ ಒಂದು ಕೈಯಿಂದ ಚಕ್ರ ಜೋರಾಗಿ ತಿರುಗಿಸಿ, ಇನ್ನೊಂದು ಕೈಯ ಬೆರಳುಗಳನ್ನು ಲೀಫ್ ಸ್ಪ್ರಿಂಗ್ ಮೇಲೆ ಇಡಿ. ಒಳ್ಳೆ ಬೇರಿಂಗ್ ಆದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಕೆಟ್ಟ ಬೇರಿಂಗ್ ಆದರೆ ಸಣ್ಣ ನಡುಕ ಬೆರಳಿಗೆ ಹತ್ತುತ್ತದೆ. ಕಿವಿಗೆ ಕೇಳದ್ದು ಎಷ್ಟೋ ಸಲ ಬೆರಳಿಗೆ ಸಿಗುತ್ತದೆ. ಎರಡೂ ಕಡೆ ಮಾಡಿ ಹೋಲಿಸಿ. ತಿರುಗಿಸುವಾಗ ಸುರ್ ಸುರ್ ಅಂತ ತೆಳುವಾದ ತಗಡಿನ ಸದ್ದು ಬಂದರೆ ಬ್ರೇಕ್ ಹಿಂದಿನ ದೂಳು ತಗಡು ಬಾಗಿ ಡಿಸ್ಕಿಗೆ ತಾಗುತ್ತಿರಬಹುದು, ಅಥವಾ ಹೊಳೆಯ ಸಣ್ಣ ಕಲ್ಲೊಂದು ನಡುವೆ ಸಿಕ್ಕಿಕೊಂಡಿರಬಹುದು. ಸ್ಕ್ರೂಡ್ರೈವರ್‌ನಿಂದ ಮುಗಿಯುವ ಕೆಲಸ ಅದು.

ಬಲಗಡೆ ಬೇರಿಂಗ್ ಅಂತ ಖಚಿತವಾಯಿತು ಅಂದುಕೊಳ್ಳೋಣ. ಹೊಳೆ ದಾಟಿದ್ದಕ್ಕೂ ಇದಕ್ಕೂ ಏನು ಸಂಬಂಧ? ಓಡಿ ಬಂದ ಗಾಡಿಯ ಹಬ್ ಬಿಸಿಯಾಗಿರುತ್ತದೆ. ತಣ್ಣನೆ ನೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ನೀರನ್ನು ಸೀಲ್ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಹಳೆ ಸೀಲ್ ಆದರೆ ಕೇಳುವುದೇ ಬೇಡ. ಆ ನೀರು ಗ್ರೀಸ್ ಜೊತೆ ಕಲೆತು ಮಜ್ಜಿಗೆ ಬಣ್ಣಕ್ಕೆ ಬರುತ್ತದೆ. ನೀವು ಆಮೇಲೆ ಗಾಡಿ ಹೆಚ್ಚು ಓಡಿಸಲಿಲ್ಲ. ನಿಂತ ಗಾಡಿಯಲ್ಲಿ ರೋಲರುಗಳು ಕಪ್ (ಬೇರಿಂಗಿನ ಹೊರ ಬಳೆ) ಮೇಲೆ ಕೂತ ಜಾಗದಲ್ಲೇ ಕೂತಿರುತ್ತವೆ. ಆ ಗೆರೆಗಳಲ್ಲಿ ತುಕ್ಕು ಹಿಡಿಯುತ್ತದೆ. ಹಬ್ ಬಿಚ್ಚಿ, ಕಪ್ಪನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬಾಚಣಿಗೆಯ ಹಲ್ಲು ಒತ್ತಿದ ಹಾಗೆ ಸಮ ಅಂತರದಲ್ಲಿ ಕಪ್ಪು ಗೆರೆ ಕಂಡರೆ ಅದೇ ನಿಮ್ಮ ಗುಂಯ್ ಸದ್ದು. ಉಗುರಿನ ತುದಿಯಿಂದ ಗೀಚಿ. ಗೆರೆ ಉಗುರಿಗೆ ತಡೆದರೆ ಬೇರಿಂಗ್ ಮುಗಿಯಿತು, ಉಜ್ಜಿ ಸರಿ ಮಾಡುವ ಯೋಚನೆ ಬೇಡ. ನೀಲಿ ಅಥವಾ ಕಂದು ಛಾಯೆ ಕಂಡರೆ ಬಿಸಿಗೆ ಹೋದದ್ದು, ಅಂದರೆ ಹಿಂದೆ ಯಾರೋ ತೀರಾ ಬಿಗಿ ಮಾಡಿದ್ದರು ಅಥವಾ ಗ್ರೀಸ್ ಇರಲಿಲ್ಲ. ಚಕ್ಕೆ ಎದ್ದಿದ್ದರೆ ಆಯಸ್ಸು ಮುಗಿದದ್ದು.

ಹೊಸದು ಹಾಕುವಾಗ ಕಪ್ ಮತ್ತು ಕೋನ್ (ರೋಲರುಗಳಿರುವ ಒಳ ಬಳೆ) ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆ ಕಪ್ಪಿನಲ್ಲಿ ಹೊಸ ರೋಲರ್ ಓಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಒಳಗಿನ ಬೇರಿಂಗ್, ಹೊರಗಿನ ಬೇರಿಂಗ್, ಹಿಂದಿನ ಸೀಲ್, ಈ ಮೂರೂ ಒಂದೇ ಸಲ. ಹಳೆ ಕಪ್ ಹೊರಗೆ ಹೊಡೆಯಲು ಹಿತ್ತಾಳೆ ಕಡ್ಡಿ ಬಳಸಿ, ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟುತ್ತಾ ಬನ್ನಿ. ಹೊಸ ಕಪ್ ಒಳಗೆ ಕೂರಿಸುವಾಗ ತಟ್ಟುವ ಸದ್ದಿಗೆ ಕಿವಿ ಕೊಡಿ. ಟಣ್ ಟಣ್ ಅನ್ನುತ್ತಿದ್ದದ್ದು ಪೂರ್ತಿ ಕೂತಾಗ ದಪ್ಪ ಸ್ವರಕ್ಕೆ ತಿರುಗುತ್ತದೆ. ಸ್ಪಿಂಡಲ್ (ಹಬ್ ಕೂರುವ ಟೊಳ್ಳು ಕೊಳವೆ) ಮೇಲೆ ಬೇರಿಂಗ್ ಕೂರುವ ಜಾಗವನ್ನೂ ನೋಡಿ. ಅಲ್ಲಿ ಗೀರು ಬಿದ್ದು ತಗ್ಗಾಗಿದ್ದರೆ, ಹೊಸ ಬೇರಿಂಗ್ ಕೈಯಲ್ಲಿ ತೂರಿಸಿದಾಗ ಗಲಗಲ ಅಂದರೆ, ಸ್ಪಿಂಡಲ್ ಕೂಡ ಬದಲಿಸಬೇಕು. ಹಳೆ ಬೇರಿಂಗ್ ತೊಳೆದು ಗಾಳಿ ಪೈಪಿನಿಂದ ಗಿರಗಿರ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಆ ವೇಗಕ್ಕೆ ಬೇರಿಂಗ್ ಒಡೆದು ರೋಲರ್ ಸಿಡಿಯಬಹುದು.

ಗ್ರೀಸ್ ತುಂಬುವುದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೇರಿಂಗ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಇಲ್ಲೇ ನಿರ್ಧಾರವಾಗುತ್ತದೆ. ಹೊರಗೆ ಸವರಿದರೆ ಪ್ರಯೋಜನ ಇಲ್ಲ. ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ವೀಲ್ ಬೇರಿಂಗ್ ಗ್ರೀಸ್ ಇಟ್ಟುಕೊಳ್ಳಿ. ಬಲಗೈಯಲ್ಲಿ ಬೇರಿಂಗನ್ನು ಅಗಲ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಅದರ ಅಂಚನ್ನು ಗ್ರೀಸಿನ ಅಂಚಿಗೆ ಒತ್ತಿ, ಅಂಗೈಗೆ ಕುಟ್ಟಿದ ಹಾಗೆ ಎಳೆಯಿರಿ. ಪ್ರತಿ ಒತ್ತಿಗೂ ಗ್ರೀಸ್, ರೋಲರುಗಳನ್ನು ಹಿಡಿದಿರುವ ಕೇಜ್ ಒಳಗೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ಕಿರಿದಾದ ಕಡೆಯಿಂದ, ರೋಲರುಗಳ ಸಂದಿಯಲ್ಲಿ ಶಾವಿಗೆ ಎಳೆಯ ಹಾಗೆ ಗ್ರೀಸ್ ಹೊರಗೆ ಬರುತ್ತದೆ. ಅಲ್ಲಿಗೆ ಆ ಜಾಗ ತುಂಬಿತು ಅಂತ ಅರ್ಥ. ಬೇರಿಂಗ್ ಸ್ವಲ್ಪ ತಿರುಗಿಸಿ ಮುಂದಿನ ಜಾಗ. ಹೀಗೆ ಸುತ್ತಲೂ. ಹಳೆ ಗ್ರೀಸ್ ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ಹೊಸದು. ಬೇರೆ ಜಾತಿಯ ಗ್ರೀಸುಗಳು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುವುದುಂಟು.

ಬಿಗಿ ಮಾಡುವುದು ಇನ್ನೊಂದು ಸೂಕ್ಷ್ಮ ಕೆಲಸ. ಇಲ್ಲಿ ಎರಡು ನಟ್ ಇರುತ್ತವೆ, ನಡುವೆ ಒಂದು ಲಾಕ್ ವಾಷರ್. ಒಳಗಿನ ನಟ್ ಬಿಗಿ ಮಾಡುವಾಗ ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ಇರಿ, ಆಗ ರೋಲರುಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಮೊದಲು ಗಟ್ಟಿಯಾಗಿ ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ, ಮತ್ತೆ ಮ್ಯಾನುಯಲ್ ಹೇಳಿದ ಅಳತೆಗೆ ತನ್ನಿ. ಕೆಲವು ಗಾಡಿಗೆ ಕೂದಲೆಳೆಯಷ್ಟು ಆಟ ಬಿಡಬೇಕು, ಕೆಲವಕ್ಕೆ ಸ್ವಲ್ಪ ಒತ್ತಡದಲ್ಲೇ ಇಡಬೇಕು. ಒಂದರ ಅಳತೆ ಇನ್ನೊಂದಕ್ಕೆ ಆಗಲ್ಲ, ಅದಕ್ಕೆ ನಿಮ್ಮ ಮಾಡೆಲಿನ ಮ್ಯಾನುಯಲ್ ಬೇಕೇ ಬೇಕು. ಹೊರಗಿನ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಹೊರಗಿನದು ಒಳಗಿನದನ್ನು ತಿರುಪಿನ ಗೆರೆಗಳ ಸಂದಿಯಷ್ಟು ಒಳಗೆ ತಳ್ಳುತ್ತದೆ, ನೀವು ಇಟ್ಟ ಅಳತೆ ಬದಲಾಗಿರುತ್ತದೆ. ಈ ಒಂದು ಮರುಪರೀಕ್ಷೆ ಬಿಟ್ಟು ಎಷ್ಟೋ ಹೊಸ ಬೇರಿಂಗ್ ಸುಟ್ಟಿವೆ. ನಟ್ಟನ್ನು ಉಳಿ ಸುತ್ತಿಗೆಯಿಂದ ಹೊಡೆದು ತಿರುಗಿಸಬೇಡಿ. ಅದಕ್ಕೇ ಅಂತ ದೊಡ್ಡ ಸಾಕೆಟ್ ಸಿಗುತ್ತದೆ.

ಈಗ ಟಕ್ ಟಕ್ ಕಡೆ ಬರೋಣ. ಹಬ್ ಮತ್ತು ಬೇರಿಂಗ್ ಬಿಚ್ಚಿದ್ದೀರಿ ಅಂದರೆ ಜಾಯಿಂಟಿನ ದಾರಿಯಲ್ಲಿ ಮುಕ್ಕಾಲು ಬಂದಿದ್ದೀರಿ. ಸ್ಪಿಂಡಲ್ ಹಿಡಿದ ಬೋಲ್ಟುಗಳನ್ನು ತೆಗೆದು, ಸ್ಪಿಂಡಲನ್ನು ಮೆತ್ತಗೆ ತಟ್ಟಿ ಬಿಡಿಸಿದರೆ ಆಕ್ಸಲ್ ಶಾಫ್ಟ್ ಜಾಯಿಂಟ್ ಸಮೇತ ಹೊರಗೆ ಜಾರುತ್ತದೆ. ಅದಕ್ಕೇ ಎರಡೂ ಕೆಲಸವನ್ನು ಒಂದೇ ಬಿಚ್ಚುವಿಕೆಯಲ್ಲಿ ಮುಗಿಸಿ ಅನ್ನುತ್ತೇನೆ. ಶಾಫ್ಟ್ ಎಳೆಯುವಾಗ ಅದರ ಭಾರ ಕೆಳಗೆ ಬೀಳದ ಹಾಗೆ ಕೈ ಕೊಟ್ಟು ನೇರವಾಗಿ ಎಳೆಯಿರಿ. ಕೊಳವೆಯೊಳಗೆ ಒಂದು ಆಯಿಲ್ ಸೀಲ್ ಇರುತ್ತದೆ, ಶಾಫ್ಟ್ ಅದರ ತುಟಿ ಮೇಲೆ ಉಜ್ಜಿದರೆ ಹರಿಯುತ್ತದೆ.

ಒಳಗೆ ಎರಡರಲ್ಲಿ ಒಂದು ಬಗೆಯ ಜಾಯಿಂಟ್ ಕಾಣುತ್ತದೆ. ಒಂದು, ಕೂಡುವ ಚಿಹ್ನೆಯಂಥ ಕ್ರಾಸ್ ಇರುವ ಯು-ಜಾಯಿಂಟ್. ಇನ್ನೊಂದು, ಬಟ್ಟಲಿನಂಥ ಹೊರಕವಚದಲ್ಲಿ ಆರು ಗುಂಡುಗಳು ಕೂತಿರುವ ಸಿವಿ ಜಾಯಿಂಟ್. ಎರಡರ ಸ್ವಭಾವ ಬೇರೆ. ಯು-ಜಾಯಿಂಟ್ ಬಾಗಿದಾಗ ಸಮವಾಗಿ ತಿರುಗಲ್ಲ, ಒಂದು ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. 30 ಡಿಗ್ರಿ ಬಾಗಿದ್ದಾಗ ಒಳಗಿನ ಶಾಫ್ಟ್ ನಿಮಿಷಕ್ಕೆ 100 ಸುತ್ತು ಸಮನಾಗಿ ತಿರುಗಿದರೆ ಹೊರಗಿನದರ ವೇಗ ಸುಮಾರು 87ರಿಂದ 115ರ ನಡುವೆ ಏರಿಳಿಯುತ್ತದೆ. ಹಾಗಾಗಿ ಫೋರ್-ವೀಲ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕೈಗೆ ಮಿಡಿತ ಬರುವುದು ಯು-ಜಾಯಿಂಟ್ ಗಾಡಿಯಲ್ಲಿ ಸಹಜ. ಸದ್ದು ಮಾತ್ರ ಸಹಜ ಅಲ್ಲ. ಸಿವಿ ಜಾಯಿಂಟ್ ಬಾಗಿದರೂ ಸಮವಾಗಿ ತಿರುಗುತ್ತದೆ. ಅದರಲ್ಲಿ ಟಕ್ ಟಕ್ ಬಂದರೆ ಗುಂಡುಗಳು ಓಡುವ ತೋಡು ಸವೆದಿದೆ ಅಂತ ಅರ್ಥ. ನೇರ ಹೋಗುವಾಗ ಗುಂಡುಗಳು ತೋಡಿನಲ್ಲಿ ಹೆಚ್ಚು ಓಡಾಡಲ್ಲ, ಸುಮ್ಮನಿರುತ್ತವೆ. ಬಾಗಿದಾಗ ತೋಡಿನ ಉದ್ದಕ್ಕೂ ಹೋಗಿ ಬರುತ್ತವೆ, ಪ್ರತಿ ಗುಂಡೂ ಹಳ್ಳಕ್ಕೆ ಬಿದ್ದು ಎದ್ದು ಬರುತ್ತದೆ. ನಿಮಗೆ ಕೇಳಿದ್ದು ಅದೇ ಇರಬೇಕು.

ಶಾಫ್ಟ್ ವೈಸಿಗೆ ಹಾಕಿ, ಗ್ರೀಸ್ ಒರೆಸಿ, ಜಾಯಿಂಟನ್ನು ಎಷ್ಟಾಗುತ್ತದೋ ಅಷ್ಟು ಬಾಗಿಸಿ ಒಂದೊಂದೇ ತೋಡು ನೋಡಿ. ಹೊಳಪು ಗೆರೆ ಇದ್ದರೆ ಚಿಂತೆ ಇಲ್ಲ. ಬೆರಳ ತುದಿಗೆ ಗುಳಿ ಸಿಕ್ಕರೆ, ಕೇಜಿನ ಕಿಟಕಿಯ ಮೂಲೆಯಲ್ಲಿ ಬಿರುಕು ಕಂಡರೆ ಬದಲಿಸಿ. ಬಿರುಕು ಬಿಟ್ಟ ಕೇಜ್ ಯಾವತ್ತು ಬೇಕಾದರೂ ಕೈಕೊಡುತ್ತದೆ, ಅದೂ ಚಕ್ರ ಪೂರ್ತಿ ತಿರುಗಿದ್ದು, ಎಂಜಿನ್ ಎಳೆಯುತ್ತಿರುವ ಹೊತ್ತಿನಲ್ಲೇ. ಸಿವಿ ಜಾಯಿಂಟ್ ಎಡಕ್ಕೂ ಬಲಕ್ಕೂ ಒಂದೇ ಆಗಿರುವ ಗಾಡಿಗಳಲ್ಲಿ ಹಳಬರು ಒಂದು ಉಪಾಯ ಮಾಡುತ್ತಾರೆ: ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುತ್ತಾರೆ. ಆಗ ಮುಂದಕ್ಕೆ ಹೋಗುವಾಗಿನ ಬಲ ತೋಡಿನ ಸವೆಯದ ಗೋಡೆ ಮೇಲೆ ಬೀಳುತ್ತದೆ, ಸದ್ದು ನಿಲ್ಲುತ್ತದೆ. ಹೊಸ ಜಾಯಿಂಟ್ ಸಿಗುವವರೆಗೆ ಇದು ಒಳ್ಳೆ ಉಪಾಯ. ಬಿರುಕು ಇದ್ದರೆ ಮಾತ್ರ ಮಾಡಬೇಡಿ.

ನಿಮ್ಮದು ಯು-ಜಾಯಿಂಟ್ ಆಗಿದ್ದರೆ ಕ್ಯಾಪ್‌ಗಳ ಸುತ್ತ ಕೆಂಪು ಪುಡಿ ಹುಡುಕಿ. ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕಾಗಿ ಪುಡಿಯಾದದ್ದು ಅದು. ಕೈಯಲ್ಲಿ ಬಾಗಿಸಿದಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದರೂ ಬದಲಿಸಬೇಕು. ಹೊಸ ಕ್ರಾಸ್ ಒತ್ತಿ ಕೂರಿಸುವಾಗ ಒಂದು ಸೂಜಿ ಅಡ್ಡ ಬಿದ್ದರೂ ಕ್ಯಾಪ್ ಕೊನೆವರೆಗೆ ಹೋಗಲ್ಲ, ಅದನ್ನು ಹಿಡಿಯುವ ಸರ್‌ಕ್ಲಿಪ್ ಕೂರಲ್ಲ. ಆಗ ಬಲ ಹಾಕದೆ ಹೊರಗೆ ತೆಗೆದು ನೋಡಿ. ಎಲ್ಲ ಕೂತ ಮೇಲೆ ಕ್ರಾಸ್ ಹಿಡಿದ ಕವಲಿನ, ಅಂದರೆ ಯೋಕಿನ, ಕಿವಿಗಳಿಗೆ ಸುತ್ತಿಗೆಯಿಂದ ಒಂದೆರಡು ಏಟು ಮೆತ್ತಗೆ ಕೊಡಿ, ಬಿಗಿದುಕೊಂಡ ಕ್ರಾಸ್ ಸಡಿಲವಾಗಿ ಸಲೀಸಾಗಿ ಆಡುತ್ತದೆ.

ಶಾಫ್ಟ್ ಹೊರಗಿರುವಾಗ ನಕಲ್ ಒಳಗೆ ಬೆರಳಾಡಿಸಿ ಗ್ರೀಸ್ ತೆಗೆದು ನೋಡಿ. ಮುಚ್ಚಿದ ನಕಲ್ ಇರುವ ಗಾಡಿ ಆದರೆ ಇದು ಇನ್ನೂ ಮುಖ್ಯ. ಗ್ರೀಸ್ ಗಟ್ಟಿಯಾಗಿರುವ ಬದಲು ಕಪ್ಪು ಸಾರಿನ ಹಾಗೆ ತೆಳ್ಳಗಿದ್ದು, ಗೇರ್ ಎಣ್ಣೆಯ ಗಂಧಕದ ವಾಸನೆ ಬಂದರೆ ಒಳಸೀಲ್ ಹೋಗಿದೆ. ಡಿಫರೆನ್ಷಿಯಲ್ ಎಣ್ಣೆ ನಕಲ್‌ಗೆ ಬಂದು ಗ್ರೀಸ್ ಕರಗಿಸಿದೆ. ಸೀಲ್ ಬದಲಿಸುವ ಮೊದಲು ಆಕ್ಸಲ್ ಮೇಲಿನ, ಒಳಗಿನ ಗಾಳಿ ಓಡಾಡುವ ಬ್ರೀದರ್ ನೋಡಿ. ಸಣ್ಣ ಟೋಪಿಯಂಥ ವಾಲ್ವ್ ಅಥವಾ ರಬ್ಬರ್ ಪೈಪ್ ಇರುತ್ತದೆ. ಮಣ್ಣು ತುಂಬಿ ಮುಚ್ಚಿಹೋಗಿದ್ದರೆ ಬಿಸಿಯಾದ ಆಕ್ಸಲ್‌ನ ಒತ್ತಡ ಎಣ್ಣೆಯನ್ನು ಸೀಲ್ ಮೂಲಕವೇ ಹೊರಗೆ ತಳ್ಳುತ್ತದೆ. ಹೊಳೆಗೆ ಇಳಿದಾಗ ಅದೇ ಸೀಲ್ ಮೂಲಕ ನೀರು ಒಳಗೆ ಎಳೆಯುತ್ತದೆ. ಬ್ರೀದರ್ ಬಿಡಿಸದೆ ಹೊಸ ಸೀಲ್ ಹಾಕಿದರೆ ಅದೂ ಬೇಗ ಸೋರುತ್ತದೆ. ಪೈಪನ್ನು ಎಂಜಿನ್ ಜಾಗದ ಎತ್ತರಕ್ಕೆ ಉದ್ದ ಮಾಡಿ ಕಟ್ಟುವುದು ಹೊಳೆ ದಾಟುವವರಿಗೆಲ್ಲ ನಾನು ಹೇಳುವ ಮೊದಲ ಕೆಲಸ.

ಡಿಫರೆನ್ಷಿಯಲ್ ಇಳಿಸಬೇಡಿ ಅಂದೆ, ಎಣ್ಣೆ ನೋಡಬೇಡಿ ಅನ್ನಲಿಲ್ಲ. ನೀರು ಹಬ್ ದಾಟಿ ಬಂದಿತ್ತು ಅಂದರೆ ಅದನ್ನು ಖಂಡಿತ ನೋಡಬೇಕು. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನದು. ಕೆಳಗಿನದು ಮೊದಲು ಬಿಚ್ಚಿ ಎಣ್ಣೆ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಬೆಳ್ಳಗೆ ಹಾಲು ಬೆರೆತ ಹಾಗಿದ್ದರೆ ನೀರು ಹೋಗಿದೆ, ಪೂರ್ತಿ ಬದಲಿಸಿ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಅದು ಮಾಮೂಲಿ ಸವೆತ. ಬೆರಳಲ್ಲಿ ತಿಕ್ಕಿದಾಗ ಚುಚ್ಚುವ ಚೂರು, ಚಕ್ಕೆ ಸಿಕ್ಕರೆ ಆಗ ಒಳಗೆ ನೋಡುವ ಮಾತು. ಇಂಥ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ (ಒಂದರ ಮೇಲೊಂದು ಉಜ್ಜುತ್ತಾ ಓಡುವ) ಹಲ್ಲು ಇರುತ್ತವೆ, ಅವುಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ದಪ್ಪ ಎಷ್ಟು ಅಂತ ಮ್ಯಾನುಯಲ್ ಹೇಳುತ್ತದೆ.

ಗ್ಯಾರೇಜಿನವರು ಹೇಳಿದ್ದನ್ನು ತಳ್ಳಿಹಾಕಿದ ಹಾಗೂ ಆಗಬಾರದು, ಅದಕ್ಕೆ ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಬೇರಿಂಗ್ ಹೊಸದಾದ ಮೇಲೆ ಎರಡೂ ಹಬ್ ಲಾಕ್ ಮಾಡಿ, ಟೂ-ವೀಲ್‌ನಲ್ಲೇ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಸಮತಟ್ಟು ನೆಲದಲ್ಲಿ ಇಬ್ಬರು ಮೂವರು ಸೇರಿ ಗಾಡಿಯನ್ನು ನೇರವಾಗಿ ನಿಧಾನಕ್ಕೆ ತಳ್ಳಿ. ಬ್ರೇಕ್ ಹತ್ತಿರ ಒಬ್ಬರು ಕೂತಿರಲಿ. ಮುಂದಿನ ಟಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟಿಕ್ ಅನ್ನುವ ಸದ್ದು ಚಕ್ರದ ಒಂದು ಸುತ್ತಿಗೆ ಒಂದೇ ಸಲ ಬಂದರೆ ಅದು ಚಕ್ರದ್ದು ಅಥವಾ ಕ್ರೌನ್‌ನದ್ದು. ಒಂದು ಸುತ್ತಿಗೆ ಸುಮಾರು ನಾಲ್ಕು ಸಲ ಬಂದರೆ ಪಿನಿಯನ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ಕಡೆಯದ್ದು. ಯಾಕೆಂದರೆ ನಿಮ್ಮ ಆಕ್ಸಲ್ ಅನುಪಾತ 4.1 ಇದ್ದರೆ ಚಕ್ರ 10 ಸುತ್ತು ತಿರುಗುವಷ್ಟರಲ್ಲಿ ಪಿನಿಯನ್ 41 ಸುತ್ತು ತಿರುಗಿರುತ್ತದೆ. ನಿಮ್ಮ ಅನುಪಾತ ಎಷ್ಟೋ ಅದರಂತೆ ಲೆಕ್ಕ ಹಾಕಿ. ಏನೂ ಕೇಳದಿದ್ದರೆ, ಮೇಲೆ ಹೇಳಿದ ಎರಡನೇ ಓಟದಲ್ಲೂ ಏನೂ ಕೇಳದಿದ್ದರೆ, ಮೂರನೇ ಓಟದಲ್ಲಿ ಮಣ್ಣಿನ ಮೇಲೆ ಆಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ ಕೂಂಯ್ ಅನ್ನುವ ಸ್ವರ ಏರಿಳಿಯದಿದ್ದರೆ, ಕ್ರೌನ್-ಪಿನಿಯನ್ ಮುಟ್ಟಲು ಯಾವ ಕಾರಣವೂ ಇಲ್ಲ. ಚೆನ್ನಾಗಿ ಒಗ್ಗಿಕೊಂಡ ಹಲ್ಲುಗಳನ್ನು ಸುಮ್ನೆ ಬಿಚ್ಚಿ ಮತ್ತೆ ಕೂರಿಸುವುದು ಒಳ್ಳೆಯದಲ್ಲ. ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ ಹೊಂದಿಸಿರುವ ಸಂದಿ ಅದು. ಸ್ವಲ್ಪ ಆಚೀಚೆ ಆದರೆ ಇಲ್ಲದ ಸದ್ದು ಹುಟ್ಟುತ್ತದೆ.

ಒಂದು ಎಚ್ಚರ. ಬಲಗಡೆ ಚಕ್ರದಲ್ಲಿ ಕೈಗೆ ಸಿಗುವಷ್ಟು ಆಟ ಇದ್ದರೆ ರಿಪೇರಿ ಆಗುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ. ಬೇರಿಂಗ್ ಪೂರ್ತಿ ಕುಸಿದರೆ ಸ್ಪಿಂಡಲ್ ಕತ್ತರಿಸಿ ಚಕ್ರ ಕಳಚುವ ಮಟ್ಟಕ್ಕೂ ಹೋಗಬಹುದು.

ಎಲ್ಲ ಜೋಡಿಸಿದ ಮೇಲೆ 10-15 ಕಿ.ಮೀ. ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ. ಎರಡೂ ಹಬ್ಬಿನ ಹತ್ತಿರ ಮೊದಲು ಅಂಗೈ ದೂರದಿಂದ ಹಿಡಿದು ನೋಡಿ, ಆಮೇಲೆ ಮುಟ್ಟಿ. ಎರಡೂ ಒಂದೇ ರೀತಿ ಉಗುರುಬೆಚ್ಚಗೆ ಇದ್ದರೆ ಸರಿ. ಬಲಗಡೆ ಮಾತ್ರ ಮುಟ್ಟಲಾಗದಷ್ಟು ಬಿಸಿ ಇದ್ದರೆ ನಟ್ ಬಿಗಿ ಜಾಸ್ತಿ ಆಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಜಾಕ್ ಹಾಕಿ ಅಲ್ಲಾಡಿಸಿ ನೋಡಿ, ಹೊಸ ಬೇರಿಂಗ್ ಸ್ವಲ್ಪ ಕೂತು ಸಡಿಲ ಆಗಿರಬಹುದು. ಎಡಗಡೆ ಹಬ್ಬೂ ಅದೇ ಹೊಳೆಯಲ್ಲಿ ಅಷ್ಟೇ ಹೊತ್ತು ಮುಳುಗಿತ್ತು ಅಲ್ವಾ? ಈಗ ಸದ್ದು ಇಲ್ಲ ಅಂತ ಬಿಡಬೇಡಿ. ಅದನ್ನೂ ಬಿಚ್ಚಿ ಗ್ರೀಸಿನ ಬಣ್ಣ ನೋಡಿ. ಎರಡೂ ಕಡೆ ಏನು ಬಣ್ಣ ಕಂಡಿತು, ಡಿಫರೆನ್ಷಿಯಲ್ ಎಣ್ಣೆ ಹೇಗಿತ್ತು, ಒಳಗೆ ಯಾವ ಬಗೆಯ ಜಾಯಿಂಟ್ ಸಿಕ್ಕಿತು ಅಂತ ಬರೆಯಿರಿ. ಅದನ್ನು ನೋಡಿ ಕಿಂಗ್ ಪಿನ್ ಬೇರಿಂಗನ್ನೂ ಈಗಲೇ ತೆಗೆಯಬೇಕಾ, ಬಿಡಬಹುದಾ ಅಂತ ಹೇಳುತ್ತೇನೆ.